ಮಳೆ ಲೆಕ್ಕಕ್ಕೆ ಗ್ರಾಫ್: ಒಂಬತ್ತು ವರ್ಷ ಕ್ಯಾಲ್ಕ್, ಐದು ವರ್ಷ ಗ್ನೂಪ್ಲಾಟ್ ಬಳಸಿದ ಮೇಲೆ

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಅಡಿಕೆ ತೋಟ, ಆಗುಂಬೆ ಕಡೆಗೆ. ಅಪ್ಪಯ್ಯ ಮೊದಲಿನಿಂದಲೂ ಅಂಗಳದಲ್ಲಿ ಮಳೆಮಾಪಕ ಇಟ್ಟು, ದಿನಾ ಬೆಳಿಗ್ಗೆ ಅಳೆದು ಡೈರಿಯಲ್ಲಿ ಬರೆಯುತ್ತಿದ್ದರು. ಈಗ ಆ ಕೆಲಸ ನನ್ನದು. ಬೆಳಿಗ್ಗೆ 8.30ಕ್ಕೆ ಅಳೆದು, ಹಿಂದಿನ 24 ಗಂಟೆಯ ಮಳೆಯನ್ನು ಆ ದಿನದ ಲೆಕ್ಕಕ್ಕೆ ಬರೆಯುತ್ತೇನೆ. ಹವಾಮಾನ ಇಲಾಖೆಯವರು ಮಾಡುವುದೂ ಹಾಗೆಯೇ. ಊರಿನ ಬೆಳೆಗಾರರ ಸಭೆಗೆ ಪ್ರತಿ ವರ್ಷ ಈ ಲೆಕ್ಕದ ಗ್ರಾಫ್ ಮಾಡಿಕೊಡುತ್ತೇನೆ.

ಮೊದಲು ದುಡ್ಡು ಕಟ್ಟಿ ಬಳಸುವ ಒಂದು ಆಫೀಸ್ ತಂತ್ರಾಂಶ ಇತ್ತು. ಚಂದದ ಗ್ರಾಫ್ ಬರುತ್ತಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಒಂದು ವರ್ಷ ಸಭೆಗೆ ಎರಡು ದಿನ ಇರುವಾಗ ಚಂದಾ ಮುಗಿದುಹೋಯಿತು. ಕಡತ ತೆರೆಯುತ್ತದೆ, ನೋಡಬಹುದು, ತಿದ್ದಲು ಬಿಡುವುದಿಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ನೆಟ್‌ವರ್ಕ್ ಸಿಗುವುದೇ ಕಷ್ಟ, ದುಡ್ಡು ಕಟ್ಟಲೂ ಆಗಲಿಲ್ಲ. ಅಪ್ಪಯ್ಯ ಅಷ್ಟು ವರ್ಷ ಬರೆದ ಲೆಕ್ಕ ನನ್ನದೇ ಕಂಪ್ಯೂಟರಿನಲ್ಲಿ ಬೀಗ ಹಾಕಿಕೊಂಡು ಕುಳಿತ ಹಾಗಾಯಿತು. ತುಂಬಾ ಬೇಜಾರಾಯಿತು. ಆವತ್ತಿನಿಂದ ಬೇರೆ ದಾರಿ ಹುಡುಕಿದೆ. ಇಲ್ಲಿ ಬರೆದಿರುವುದು ಆ ಹುಡುಕಾಟದಲ್ಲಿ ಕೊನೆಗೂ ಕೈಯಲ್ಲಿ ಉಳಿದ ತಂತ್ರಾಂಶಗಳ ಬಗ್ಗೆ. ಎಲ್ಲವೂ ಉಚಿತ, ಎಲ್ಲವೂ ನೆಟ್ ಇಲ್ಲದೆ ನಡೆಯುತ್ತವೆ. ನನ್ನದು 4 ಜಿಬಿ ರ‍್ಯಾಮ್ ಇರುವ ಹಳೆ ಲ್ಯಾಪ್‌ಟಾಪ್.

ಮೊದಲು ಲಿಬ್ರೆ ಆಫೀಸ್ ಕ್ಯಾಲ್ಕ್, ಅಂದರೆ ಸಾಲು-ಕಾಲಂಗಳಲ್ಲಿ ಲೆಕ್ಕ ಬರೆದು ಗ್ರಾಫ್ ಮಾಡುವ ಸ್ಪ್ರೆಡ್‌ಶೀಟ್. ಓಪನ್ ಆಫೀಸ್‌ನಿಂದ 2010ರಲ್ಲಿ ಕವಲೊಡೆದು ಬೆಳೆದ ತಂತ್ರಾಂಶ ಇದು. ಹತ್ತು ವರ್ಷದ ದಿನಲೆಕ್ಕ ಅಂದರೆ ಸುಮಾರು 3,650 ಸಾಲು. ಕ್ಯಾಲ್ಕ್‌ನ ಒಂದು ಹಾಳೆಯಲ್ಲಿ 10,48,576 ಸಾಲು ಹಿಡಿಯುತ್ತದೆ. ಹಾಗಾಗಿ ನಮ್ಮಂಥವರಿಗೆ ಜಾಗದ ಚಿಂತೆ ಇಲ್ಲ, ಹಳೆ ಲ್ಯಾಪ್‌ಟಾಪ್‌ನಲ್ಲೂ ಆರಾಮಾಗಿ ಓಡುತ್ತದೆ.

ನನಗೆ ಕ್ಯಾಲ್ಕ್ ಮೇಲೆ ನಿಜವಾಗಿ ಪ್ರೀತಿ ಹುಟ್ಟಿದ್ದು ಒಂದು ಸಭೆಯ ನಂತರ. ಆ ವರ್ಷ ಜೂನ್, ಜುಲೈ, ಆಗಸ್ಟ್ ಅಂತ ತಿಂಗಳವಾರು ಕಂಬಗಳ ಗ್ರಾಫ್ ಮಾಡಿ ಗೋಡೆಗೆ ಅಂಟಿಸಿದ್ದೆ. ಪಕ್ಕದ ಮನೆಯ ಮಾವ ಕನ್ನಡಕ ಏರಿಸಿಕೊಂಡು ನೋಡಿದರು. ‘ಎಲ್ಲಾ ಸರಿ ಮಾರಾಯ, ಇದರಲ್ಲಿ ಆರಿದ್ರ ಎಲ್ಲಿ?’ ಅಂದರು. ‘ಜೂನ್ ಕೊನೆಯಿಂದ ಜುಲೈ ಶುರುವಿನ ತನಕ ನೋಡಿ ಮಾವ’ ಅಂದೆ. ‘ಜೂನ್ ಕಟ್ಟಿಕೊಂಡು ನನಗೇನು? ಆರಿದ್ರ ಎಷ್ಟು ಹುಯ್ದಿತು, ಪುಷ್ಯ ಎಷ್ಟು ಹುಯ್ದಿತು, ಅದು ಹೇಳು’ ಅಂದರು.

ಅವರು ಕೇಳಿದ್ದು ಸರಿಯಾಗಿತ್ತು. ನಮ್ಮ ಕಡೆ ಮಳೆ ಎಣಿಸುವುದೇ ನಕ್ಷತ್ರದ ಲೆಕ್ಕದಲ್ಲಿ ಅಲ್ವಾ? ಒಂದೊಂದು ಮಳೆ ನಕ್ಷತ್ರಕ್ಕೆ ಹದಿಮೂರೋ ಹದಿನಾಲ್ಕೋ ದಿನ. ಆರಿದ್ರ ಸುಮಾರು ಜೂನ್ 22ಕ್ಕೆ ಹುಟ್ಟುತ್ತದೆ, ಪುನರ್ವಸು ಜುಲೈ 6ಕ್ಕೆ, ಪುಷ್ಯ 20ಕ್ಕೆ, ಆಶ್ಲೇಷ ಆಗಸ್ಟ್ 3ಕ್ಕೆ, ಮಘೆ 17ಕ್ಕೆ. ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆಯುವ ಲೆಕ್ಕವೂ ಇದರ ಜೊತೆಗೇ ಕೂರುತ್ತದೆ. ಮೊದಲ ಸಲ ಮಳೆಗಾಲ ಹಿಡಿಯುವ ಮುಂಚೆ, ಎರಡನೆಯದು 40-45 ದಿನ ಬಿಟ್ಟು. ಅಂದರೆ ಪುನರ್ವಸು-ಪುಷ್ಯದ ನಡುವೆ ಎಲ್ಲಾದರೂ ಮಳೆ ಹೊಳವಾಗಬೇಕು, ಅಂದರೆ ಸ್ವಲ್ಪ ಬಿಡುವು ಕೊಡಬೇಕು. ಹೊಳವಾಗದಿದ್ದರೆ ಕೊಳೆರೋಗ. ಹದಿನಾಲ್ಕು ದಿನದ ಕಂಬ ಇದನ್ನು ತೋರಿಸುತ್ತದೆ. ತಿಂಗಳ ಕಂಬದಲ್ಲಿ ಇದು ಕಾಣುವುದಿಲ್ಲ.

ನಕ್ಷತ್ರದ ಪಟ್ಟಿ ಯಾವ ತಂತ್ರಾಂಶದಲ್ಲೂ ಸಿದ್ಧ ಇರುವುದಿಲ್ಲ, ನಾವೇ ಮಾಡಬೇಕು. ಕ್ಯಾಲ್ಕ್‌ನಲ್ಲಿ ಹೀಗೆ ಮಾಡಿದೆ. ತಿಂಗಳನ್ನು ನೂರರಿಂದ ಗುಣಿಸಿ ದಿನ ಕೂಡಿಸಿದರೆ ಜೂನ್ 22 ಎಂಬುದು 622 ಆಗುತ್ತದೆ. ಇನ್ನೊಂದು ಹಾಳೆಯಲ್ಲಿ ಪ್ರತಿ ನಕ್ಷತ್ರ ಶುರುವಾಗುವ ಅಂಕಿ, ಪಕ್ಕದಲ್ಲಿ ಹೆಸರು. ಆಮೇಲೆ ಅಂಕಿಯನ್ನು ಪಟ್ಟಿಯಲ್ಲಿ ಹುಡುಕಿ ಪಕ್ಕದ ಹೆಸರು ತಂದುಕೊಡುವ ವಿಲುಕಪ್ (VLOOKUP) ಸೂತ್ರ. ನಿಖರವಾಗಿ ಅದೇ ಅಂಕಿ ಬೇಕು ಅನ್ನದೆ, ಅದಕ್ಕಿಂತ ಹಿಂದಿನ ಹತ್ತಿರದ ಅಂಕಿ ಸಾಕು ಎಂದು ಹೇಳಬೇಕು. ನಕ್ಷತ್ರ 27 ಆದರೂ ಪಟ್ಟಿಯಲ್ಲಿ 28 ಸಾಲು ಬೇಕಾಗುತ್ತದೆ. ಪೂರ್ವಾಷಾಢ ಡಿಸೆಂಬರ್ ಕೊನೆಯಲ್ಲಿ ಶುರುವಾಗಿ ಜನವರಿಗೆ ದಾಟುತ್ತದಲ್ಲ, ಅದನ್ನು ಎರಡು ಸಲ ಬರೆಯಬೇಕು. ಒಮ್ಮೊಮ್ಮೆ ಒಂದು ದಿನ ಆಚೀಚೆ ಆಗುವುದರಿಂದ ಪಂಚಾಂಗ ನೋಡಿ ಸರಿಪಡಿಸುತ್ತೇನೆ.

ಆಮೇಲೆ ಒಂದೊಂದು ನಕ್ಷತ್ರದ ಮಳೆಯನ್ನು ಗುಂಪು ಮಾಡಿ ಕೂಡಿಸಿಕೊಡುವ ಪಿವಟ್ ಟೇಬಲ್, ಅದರ ಮೇಲೆ ಪಿವಟ್ ಚಾರ್ಟ್. ಈ ಪಿವಟ್ ಚಾರ್ಟ್ ಲಿಬ್ರೆ ಆಫೀಸ್‌ಗೆ ಬಂದಿದ್ದು 2017ರಲ್ಲಿ, 5.4ನೇ ಆವೃತ್ತಿಯಲ್ಲಿ. ಪಿವಟ್ ಹೆಸರುಗಳನ್ನು ಅಕ್ಷರದ ಕ್ರಮದಲ್ಲಿ ಜೋಡಿಸುತ್ತದೆ. ಹಾಗೆ ಬಿಟ್ಟರೆ ಆರಿದ್ರದ ಪಕ್ಕ ಆಶ್ಲೇಷ ಬಂದು ಕೂರುತ್ತದೆ. ಅದಕ್ಕೆ ‘06 ಆರಿದ್ರ’, ‘07 ಪುನರ್ವಸು’ ಅಂತ ಮುಂದೆ ಅಂಕಿ ಹಾಕಿದೆ. ಏಪ್ರಿಲ್ ಮಧ್ಯದ ಅಶ್ವಿನಿಯಿಂದ ಶುರುವಾಗಿ ಸಾಲಾಗಿ ನಿಂತವು. ಹೊಸ ಲೆಕ್ಕ ಸೇರಿಸಿದಾಗ ಪಿವಟ್ ಅನ್ನು ರಿಫ್ರೆಶ್ ಮಾಡಲು ಮರೆಯಬೇಡಿ. ಅದಾಗಿಯೇ ಬದಲಾಗುವುದಿಲ್ಲ. ಮರುವರ್ಷ ಆ ಗ್ರಾಫ್ ಅಂಟಿಸಿದಾಗ ಮಾವ ಬೆರಳಿಟ್ಟು ಒಂದೊಂದೇ ಮಳೆ ಓದಿದರು. ಅವರ ಹಿಂದೆ ನಾಲ್ಕು ಜನ ನಿಂತು ನೋಡಿದರು. ನನಗೆ ಆವತ್ತು ಆದ ಖುಷಿ ಅಷ್ಟಿಷ್ಟಲ್ಲ.

ಇನ್ನೊಂದು ವಿಷಯ, ಸೊನ್ನೆ ಮತ್ತು ಖಾಲಿ. ಮಳೆ ಬರದ ದಿನಕ್ಕೆ 0 ಹಾಕಬೇಕು. ಅಳೆಯದ ದಿನವನ್ನು ಖಾಲಿ ಬಿಡಬೇಕು. ಎರಡನ್ನೂ ಒಂದೇ ಮಾಡಿದರೆ ಇಡೀ ಲೆಕ್ಕ ಸುಳ್ಳಾಗುತ್ತದೆ. ಮದುವೆಗೆ ಹೋಗಿ ಎರಡು ದಿನ ಅಳೆಯದಿದ್ದರೆ, ಮೂರನೇ ದಿನ ಸಿಗುವುದು ಮೂರು ದಿನದ ಮಳೆ. ಅದನ್ನು ಪಕ್ಕದ ಕಾಲಂನಲ್ಲಿ ಬರೆದಿಡುತ್ತೇನೆ. ಗೆರೆಯ ಗ್ರಾಫ್‌ನಲ್ಲಿ ಖಾಲಿ ದಿನವನ್ನು ಏನು ಮಾಡಬೇಕೆಂದು ಕ್ಯಾಲ್ಕ್ ಕೇಳುತ್ತದೆ. ಗೆರೆ ತುಂಡಾಗಲಿ, ಸೊನ್ನೆ ಎಂದುಕೊಳ್ಳಲಿ, ಮುಂದಕ್ಕೆ ಸೇರಿಸಲಿ, ಈ ಮೂರರಲ್ಲಿ ಒಂದು ಆರಿಸಬೇಕು. ಬಾವಿ ನೀರಿನ ಗ್ರಾಫ್‌ಗೆ ನಾನು ‘ತುಂಡಾಗಲಿ’ ಅನ್ನುವುದನ್ನೇ ಆರಿಸುವುದು. ಬಾವಿಯ ನೀರನ್ನು ಕಟ್ಟೆಯಿಂದ ಎಷ್ಟು ಅಡಿ ಕೆಳಗೆ ಅಂತ ಅಳೆಯುತ್ತೇವಲ್ಲ, ಅದಕ್ಕೆ ಅಕ್ಷದ ದಿಕ್ಕು ತಿರುಗಿಸುವ ಆಯ್ಕೆಯೂ ಇದೆ. ನೀರು ಇಳಿದರೆ ಗೆರೆಯೂ ಇಳಿಯುತ್ತದೆ.

ತಾರೀಖನ್ನು 2019-06-05 ಎಂಬ ಕ್ರಮದಲ್ಲೇ ಬರೆಯಿರಿ. 05/06 ಅಂತ ಬರೆದರೆ ಒಂದು ಕಂಪ್ಯೂಟರಿನಲ್ಲಿ ಜೂನ್ 5, ಇನ್ನೊಂದರಲ್ಲಿ ಮೇ 6 ಆಗಿಬಿಡುತ್ತದೆ.

ಈಗ ಕನ್ನಡದ ಮಾತು. ಗ್ರಾಫ್ ತಂತ್ರಾಂಶ ಆರಿಸುವವರು ಮೊದಲು ಇದನ್ನೇ ಪರೀಕ್ಷೆ ಮಾಡಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ತಲೆಬರಹದಲ್ಲಿ ‘ಪುಷ್ಯ’, ‘ಆಶ್ಲೇಷ’, ‘ಕೃತ್ತಿಕೆ’ ಅಂತ ಹಾಕಿ ನೋಡಿ. ಒತ್ತಕ್ಷರ ಕೆಳಗೆ ಕೂತರೆ ಸರಿ. ಪಕ್ಕಕ್ಕೆ ಬಿಡಿಬಿಡಿಯಾಗಿ ಬಿದ್ದರೆ ಆ ತಂತ್ರಾಂಶ ನಮ್ಮ ಸಭೆಗೆ ಆಗುವುದಿಲ್ಲ. ಕ್ಯಾಲ್ಕ್‌ನಲ್ಲಿ ಕನ್ನಡ ಸರಿಯಾಗಿ ಮೂಡುತ್ತದೆ. ಅಕ್ಷರ ಜೋಡಿಸಲು ಅದು ಹಾರ್ಫ್‌ಬಜ್ ಎಂಬ ಒಳತಂತ್ರ ಬಳಸುತ್ತದೆ. ಒಂದೇ ಒಂದು ಗುಟ್ಟು ಗೊತ್ತಿರಬೇಕು. ಭಾಷೆಯ ಸೆಟ್ಟಿಂಗ್‌ನಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ (ಕನ್ನಡದಂಥ ಲಿಪಿಗಳಿಗಾಗಿ ಇರುವ ಆಯ್ಕೆ) ಚಾಲೂ ಮಾಡಿ. ಆಮೇಲೆ ಫಾಂಟ್ ಮತ್ತು ಗಾತ್ರವನ್ನು ಆ ಭಾಗದಲ್ಲೇ ಬದಲಾಯಿಸಿ. ಪಾಶ್ಚಾತ್ಯ ಫಾಂಟ್ ಭಾಗದಲ್ಲಿ ಎಷ್ಟು ಬದಲಾಯಿಸಿದರೂ ಕನ್ನಡ ಅಕ್ಷರ ಕದಲುವುದಿಲ್ಲ. ನಾನು ನೋಟೊ ಸಾನ್ಸ್ ಕನ್ನಡ ಹಾಕುತ್ತೇನೆ. ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಲೆಕ್ಕ ಯಾರಾದರೂ ಕೊಟ್ಟರೆ, ಮೊದಲು ಯೂನಿಕೋಡ್‌ಗೆ ಬದಲಾಯಿಸಿಕೊಂಡೇ ಮುಂದಿನ ಕೆಲಸ.

ಹೀಗಿದ್ದೂ ಗ್ನೂಪ್ಲಾಟ್ ಎಂಬ ಇನ್ನೊಂದು ಗ್ರಾಫ್ ತಂತ್ರಾಂಶಕ್ಕೆ ಯಾಕೆ ಹೋದೆ? ಪ್ರತಿ ವರ್ಷ ಏಳೆಂಟು ಗ್ರಾಫ್ ಮಾಡಬೇಕು. ಕ್ಯಾಲ್ಕ್‌ನಲ್ಲಿ ಪ್ರತಿಯೊಂದರ ಬಣ್ಣ, ಅಕ್ಷರ, ಅಳತೆ ಎಲ್ಲವನ್ನೂ ಮೌಸ್ ಹಿಡಿದು ಸರಿಮಾಡಲು ಎರಡು ಸಂಜೆ ಹೋಗುತ್ತಿತ್ತು. ಗ್ನೂಪ್ಲಾಟ್‌ನಲ್ಲಿ ಮೌಸ್ ಕೆಲಸ ಹೆಚ್ಚು ಇಲ್ಲ. ಹೇಗೆ ಬಿಡಿಸಬೇಕು ಎಂದು ಒಂದು ಸಣ್ಣ ಕಡತದಲ್ಲಿ ಬರೆದಿಟ್ಟರೆ ಆಯಿತು. ಮುಂದಿನ ವರ್ಷ ಹೊಸ ಲೆಕ್ಕ ಕೊಟ್ಟು ಅದೇ ಕಡತ ಓಡಿಸಿದರೆ ಎಂಟೂ ಗ್ರಾಫ್ ಅದೇ ಅಳತೆ, ಅದೇ ಬಣ್ಣದಲ್ಲಿ ಬರುತ್ತವೆ. 1986ರಲ್ಲಿ ಶುರುವಾದ ತಂತ್ರಾಂಶ ಇದು. ಹೆಸರಿನಲ್ಲಿ ಗ್ನೂ ಇದ್ದರೂ ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆಗೆ ಸೇರಿದ್ದಲ್ಲ.

ಕಲಿಯಲು ಸಮಯ ಬೇಕು. ಆಜ್ಞೆಗಳೆಲ್ಲ ಇಂಗ್ಲಿಷ್‌ನಲ್ಲಿವೆ, ಒಂದು ಅಲ್ಪವಿರಾಮ ತಪ್ಪಿದರೂ ನಿಲ್ಲುತ್ತದೆ. ನನಗೆ ಮೊದಲ ಗ್ರಾಫ್ ಸರಿಯಾಗಿ ಬರಲು ಒಂದು ವಾರ ಹಿಡಿಯಿತು. ಆದರೆ ದಿನದ ಮಳೆಗೆ ‘ಇಂಪಲ್ಸಸ್’ ಎಂಬ ಶೈಲಿ ಹಾಕಿ ನೋಡಿ. ಸಪೂರ ಗೆರೆಗಳು ನೆಲದಿಂದ ಎದ್ದು ನಿಲ್ಲುತ್ತವೆ, ವರ್ಷವಿಡೀ ಒಂದೇ ಹಾಳೆಯಲ್ಲಿ ಕಾಣುತ್ತದೆ. ಎಡಗಡೆ ಮಿಲಿಮೀಟರ್, ಬಲಗಡೆ ಇಂಚು ತೋರಿಸಲು ಒಂದು ಸಾಲು ಸಾಕು. ಒಂದು ಇಂಚು ಅಂದರೆ 25.4 ಮಿಲಿಮೀಟರ್ ಎಂದು ಹೇಳಿ ಎರಡು ಅಕ್ಷಗಳನ್ನು ಜೋಡಿಸಬಹುದು. ನಮ್ಮಲ್ಲಿ ಹಿರಿಯರು ಈಗಲೂ ಇಂಚಿನಲ್ಲೇ ಮಾತಾಡುವುದರಿಂದ ಇದು ನನಗೆ ಬಹಳ ಉಪಯೋಗಕ್ಕೆ ಬಂದಿದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೂಡುತ್ತಾ ಹೋಗುವ ಗೆರೆ. ‘ಸ್ಮೂತ್ ಕ್ಯುಮುಲೇಟಿವ್’ ಅಂತ ಬರೆದರೆ ದಿನದಿನದ ಮಳೆಯನ್ನು ಅದೇ ಕೂಡಿಸಿಕೊಂಡು ಮೇಲಕ್ಕೆ ಹೋಗುತ್ತದೆ. ವರ್ಷದ ಎಷ್ಟನೇ ದಿನ ಎಂಬ ಕಾಲಂ ಒಂದನ್ನು ಕ್ಯಾಲ್ಕ್‌ನಲ್ಲಿ ಮೊದಲೇ ಮಾಡಿಕೊಂಡರೆ, ಬೇರೆ ಬೇರೆ ವರ್ಷಗಳನ್ನು ಒಂದರ ಮೇಲೊಂದು ಇಡಬಹುದು. 2019ರ ಗೆರೆ ಆಶ್ಲೇಷದಲ್ಲಿ ಗೋಡೆ ಹತ್ತಿದ ಹಾಗೆ ಏರುತ್ತದೆ. ಆ ಆಗಸ್ಟ್‌ನ ನೆರೆ ಯಾರಿಗೆ ಮರೆತಿದೆ? 2023ರ ಗೆರೆ ಜೂನ್‌ನಲ್ಲಿ ಏಳಲಾರದೆ ಏಳುತ್ತದೆ, ಜುಲೈನಲ್ಲಿ ಏರುತ್ತದೆ, ಆಗಸ್ಟ್‌ನಲ್ಲಿ ಮತ್ತೆ ಮಲಗುತ್ತದೆ. 1901ರಿಂದ ಈಚೆಗೆ ಇಡೀ ದೇಶದಲ್ಲಿ ಅಷ್ಟು ಒಣಗಿದ ಆಗಸ್ಟ್ ಇರಲಿಲ್ಲ. ಎರಡು ಗೆರೆ ಪಕ್ಕಪಕ್ಕ ನೋಡಿದಾಗ ನನಗೆ ಮೈ ಜುಂ ಅಂದಿತು. ಅಂಕಿ ಓದಿ ಹೇಳಿದ್ದರೆ ಸಭೆಯಲ್ಲಿ ಯಾರಿಗೂ ಹೀಗೆ ತಟ್ಟುತ್ತಿರಲಿಲ್ಲ.

ಗ್ನೂಪ್ಲಾಟ್‌ನಲ್ಲಿ ಕನ್ನಡ ಬರಬೇಕಾದರೆ ಚಿತ್ರ ಉಳಿಸುವಾಗ ‘ಪಿಎನ್‌ಜಿಕೈರೊ’ (pngcairo) ಅಥವಾ ‘ಪಿಡಿಎಫ್‌ಕೈರೊ’ (pdfcairo) ಎಂಬ ಬಗೆ ಆರಿಸಿ. ಇವೆರಡೂ ಅಕ್ಷರ ಜೋಡಿಸಲು ಪ್ಯಾಂಗೊ ಎಂಬ ಒಳತಂತ್ರ ಬಳಸುವುದರಿಂದ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಫಾಂಟ್ ಹೆಸರನ್ನೂ ಅಲ್ಲೇ ಹೇಳಿಬಿಡಿ.

ಕೆಡಿಇ ಎಂಬ ಮುಕ್ತ ತಂತ್ರಾಂಶ ಬಳಗದ ಲ್ಯಾಬ್‌ಪ್ಲಾಟ್ ಎಂಬ ಗ್ರಾಫ್ ತಂತ್ರಾಂಶವನ್ನೂ ಇಟ್ಟುಕೊಂಡಿದ್ದೇನೆ. ದಿನಬಳಕೆಗೆ ಅಲ್ಲ, ಒಂದೇ ಕೆಲಸಕ್ಕೆ. ಅಪ್ಪಯ್ಯ ಗ್ರಾಫ್ ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ಬಿಡಿಸಿದ ಕೆಲವು ವರ್ಷಗಳ ಗೆರೆ ಇದೆ, ಆ ಡೈರಿಗಳು ಗೆದ್ದಲು ಹಿಡಿದು ಹೋದವು. ಹಾಳೆಯ ಫೋಟೊವನ್ನು ಲ್ಯಾಬ್‌ಪ್ಲಾಟ್‌ನ ಡೇಟಾಪಿಕರ್‌ನಲ್ಲಿ ತೆರೆದು, ಅಕ್ಷದ ಮೂರು ಬಿಂದುಗಳ ಬೆಲೆ ಹೇಳಿ, ಗೆರೆಯ ಮೇಲೆ ಒತ್ತುತ್ತಾ ಹೋದರೆ ಅಂಕಿಗಳು ವಾಪಸ್ ಸಿಗುತ್ತವೆ. ಅಪ್ಪಯ್ಯನ ಕೈಬರಹದ ಮೇಲೆ ಒಂದೊಂದೇ ಚುಕ್ಕೆ ಇಡುತ್ತಾ ಕೂತ ಆ ಮಧ್ಯಾಹ್ನಗಳು ನನಗೆ ತುಂಬಾ ಅಮೂಲ್ಯ.

ಮುದ್ರಣದ ಬಗ್ಗೆ ಒಂದೆರಡು ಮಾತು. ಪೇಟೆಯಲ್ಲಿ ಜೆರಾಕ್ಸ್ ಮಾಡಿಸಿದರೆ ಕೆಂಪು, ಹಸಿರು ಎರಡೂ ಒಂದೇ ಬೂದಿ ಬಣ್ಣ. ಕ್ಯಾಲ್ಕ್‌ನಲ್ಲಿ ಕಂಬಗಳಿಗೆ ಓರೆಗೆರೆ ತುಂಬಿ, ಗ್ನೂಪ್ಲಾಟ್‌ನಲ್ಲಿ ತುಂಡುಗೆರೆ ಬಳಸಿ. ಸುಮ್ನೆ ಚಂದಕ್ಕೆ ಅಂತ ಮೂರು ಆಯಾಮದ ಕಂಬ ಹಾಕಬೇಡಿ. ಕಂಬದ ತಲೆ ಯಾವ ಅಂಕಿಯ ಎದುರಿಗಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ.

ವರ್ಷಕ್ಕೆ ಒಂದೆರಡು ಗ್ರಾಫ್ ಸಾಕು ಅನ್ನುವವರು ಕ್ಯಾಲ್ಕ್ ಒಂದನ್ನೇ ಇಟ್ಟುಕೊಳ್ಳಿ. ಒಂದೇ ಬಗೆಯ ಗ್ರಾಫ್ ವರ್ಷ ವರ್ಷ ಬೇಕು ಅನ್ನುವವರು ಗ್ನೂಪ್ಲಾಟ್‌ಗೆ ಒಂದು ವಾರ ಕೊಡಿ. ಯಾವುದನ್ನೇ ಬಳಸಿದರೂ ಮೂಲ ಲೆಕ್ಕವನ್ನು ಸಿಎಸ್‌ವಿ (ಅಂಕಿಗಳ ನಡುವೆ ಅಲ್ಪವಿರಾಮ ಹಾಕಿದ ಸರಳ ಪಠ್ಯ) ಕಡತದಲ್ಲಿ ಬೇರೆಯಾಗಿ ಇಡಿ. ಅದನ್ನು ಯಾವ ಕಂಪ್ಯೂಟರಿನಲ್ಲೂ, ಯಾರ ಅಪ್ಪಣೆಯೂ ಇಲ್ಲದೆ ತೆರೆಯಬಹುದು. ನನ್ನ ಕಡತದ ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ, ಇನ್ನೊಂದು ಮಾವನ ಮಗನ ಕಂಪ್ಯೂಟರಿನಲ್ಲಿ ಇದೆ.