ಜೊತೆಗೆ ಓಡುವವರಿಗೆ ಯಾವ ಹಾರ್ಟ್ ರೇಟ್ ಬೆಲ್ಟ್ ಒಳ್ಳೆಯದು?

ಹಾರ್ಟ್ ರೇಟ್ ಬೆಲ್ಟ್ ಅಂದರೆ ಹೃದಯದ ಬಡಿತವನ್ನು ವಾಚಿಗೋ ಫೋನಿಗೋ ಕಳಿಸುವ ಎದೆಪಟ್ಟಿ. ಒಬ್ಬರೇ ಓಡುವವರಾದರೆ ಯಾವ ಬೆಲ್ಟ್ ಆದರೂ ನಡೆಯುತ್ತದೆ. ಪಕ್ಕದಲ್ಲಿ ಇನ್ನೊಬ್ಬರು ಇದ್ದರೆ ಮಾತ್ರ ಬ್ಲೂಟೂತ್, ಆಂಟ್ ಪ್ಲಸ್ (ಬ್ಲೂಟೂತ್ ಥರದ್ದೇ ಇನ್ನೊಂದು ವೈರ್‌ಲೆಸ್ ವಿಧಾನ) ಎರಡೂ ಇರುವ ಬೆಲ್ಟನ್ನೇ ತಗೊಳ್ಳಿ. ಹಳೇ 5 ಕಿಲೋಹರ್ಟ್ಜ್ ಬೆಲ್ಟ್, ಬರೀ ಬ್ಲೂಟೂತ್ ಬೆಲ್ಟ್, ಎರಡೂ ಇರುವ ಬೆಲ್ಟ್, ಈ ಮೂರನ್ನೂ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಎದೆಗೆ ಕಟ್ಟಿಕೊಂಡು ನೋಡಿದ್ದೇವೆ.

ತಲೆಬಿಸಿ ತಂದದ್ದು ಹಳೇ ಬೆಲ್ಟ್. ಬೆಳಿಗ್ಗೆ ನಾನು ಮತ್ತು ಭಾವ, ತೀರದಲ್ಲಿ ಇಟ್ಟಿರುವ ಚಾಪೆಲ್ ಯುದ್ಧನೌಕೆಯ ಹತ್ತಿರದಿಂದ ಕೋಡಿಬಾಗದ ಕಡೆಗೆ ಹೋಗುತ್ತೇವೆ. ಭಾವನಿಗೆ ಸ್ಟೆಂಟ್ ಹಾಕಿದ್ದಾರೆ. ಬಡಿತ 120 ದಾಟಬಾರದು ಅಂತ ಅವರ ಡಾಕ್ಟರು ಹೇಳಿದ್ದಾರೆ. ಅವರದ್ದು ಬಿರುಸು ನಡಿಗೆ, ನನ್ನದು ಪಕ್ಕದಲ್ಲೇ ನಿಧಾನ ಓಟ. ಇಬ್ಬರದ್ದೂ ಒಂದೇ ಥರದ ಬೆಲ್ಟ್. ನಾನು ದೂರ ಇದ್ದಾಗ ಅವರ ವಾಚಿನಲ್ಲಿ 104. ಹತ್ತಿರ ಬಂದ ಕೂಡಲೇ 150, ಆಮೇಲೆ 190, ಮತ್ತೆ 98. ಭಾವ ಹೆದರಿ ನಿಂತೇಬಿಟ್ಟರು. ನಾನು ನಾಲ್ಕು ಹೆಜ್ಜೆ ಆಚೆ ಸರಿದರೆ ಮತ್ತೆ ಸರಿ.

ಈ ಬೆಲ್ಟ್ ಒಂದೊಂದು ಬಡಿತಕ್ಕೂ ಒಂದು ಸಣ್ಣ ಮ್ಯಾಗ್ನೆಟಿಕ್ ಸಿಗ್ನಲ್ ಬಿಡುತ್ತದೆ, ಅಷ್ಟೇ. ಅದು ಯಾರದ್ದು ಅನ್ನುವ ಗುರುತು ಅದರಲ್ಲಿ ಇರುವುದಿಲ್ಲ. ಒಂದು ಮೀಟರ್ ಆಸುಪಾಸಿನಲ್ಲಿ ಇಬ್ಬರು ಇದ್ದರೆ ವಾಚಿಗೆ ಎರಡೂ ಸಿಗುತ್ತವೆ. ಸಿಕ್ಕಿದ್ದನ್ನೆಲ್ಲ ಸೇರಿಸಿ ಎಣಿಸುತ್ತದೆ. ಹೈ ಟೆನ್ಷನ್ ತಂತಿಯ ಕೆಳಗೂ ಅಂಕಿ ಹೀಗೇ ಕುಣಿಯಬಹುದು. ಸಿಗ್ನಲ್ ಜೊತೆ ತನ್ನ ಗುರುತನ್ನೂ ಕಳಿಸುವ ಕೋಡೆಡ್ ಬೆಲ್ಟ್‌ಗಳಲ್ಲಿ ಈ ಕಾಟ ಕಡಿಮೆ, ನಮ್ಮದು ಅಂಥದ್ದಲ್ಲ. ಹೃದಯದ ತೊಂದರೆ ಇರುವವರಿಗೆ ಪಕ್ಕದವರ ಬಡಿತ ತೋರಿಸುವ ವಾಚ್ ಕಟ್ಟಿಸುವುದು ಅಪಾಯ, ಅಲ್ವಾ? ಸುಮ್ನೆ ಹೆದರಿಸುವುದು ಒಂದು ಕಡೆ. ನಿಜವಾಗಿ ಏರಿದಾಗ, "ಇದು ನಿನ್ನದೇ ಇರಬೇಕು ಬಿಡು" ಅಂತ ಅವರು ನಡೆಯುತ್ತಲೇ ಹೋದರೆ? ನನ್ನ ಭಯ ಅದೇ.

ಹಳೇ ಬೆಲ್ಟಿನ ಒಂದು ಗುಣ ಹೇಳಲೇಬೇಕು. ಅದು ನೀರಿನೊಳಗೂ ಕೆಲಸ ಮಾಡುತ್ತದೆ. ಬ್ಲೂಟೂತ್, ಆಂಟ್ ಪ್ಲಸ್‌ಗಳ 2.4 ಗಿಗಾಹರ್ಟ್ಜ್ ಅಲೆಯನ್ನು ನೀರು ಬೇಗ ಹೀರಿಬಿಡುತ್ತದೆ. ಈಜುವವರು ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ.

ಬರೀ ಬ್ಲೂಟೂತ್ ಬೆಲ್ಟ್‌ನಲ್ಲಿ ಬಡಿತ ಬೆರೆಯಲಿಲ್ಲ. ಒಮ್ಮೆ ಜೋಡಿಯಾದ ಮೇಲೆ ಅದು 37 ಚಾನೆಲ್‌ಗಳಲ್ಲಿ ಜಿಗಿಯುತ್ತ ತನ್ನ ವಾಚಿನ ಜೊತೆಗೇ ಮಾತಾಡುತ್ತದೆ. ಆದರೆ ನಮ್ಮ ಬೆಲ್ಟ್ ಒಂದು ಸಲಕ್ಕೆ ಒಂದಕ್ಕೇ ಜೋಡಿಯಾಗುವಂಥದ್ದು. ಫೋನ್ ಮೊದಲು ಹಿಡಿದುಕೊಂಡರೆ ವಾಚಿಗೆ ಸಿಗುವುದಿಲ್ಲ. ಇನ್ನೊಂದು, ಫೋನ್ ಹಿಂದಿನ ಜೇಬಿನಲ್ಲಿದ್ದರೆ ಕಡಲತೀರದಲ್ಲಿ ಆಗಾಗ ಕಡಿದುಹೋಗುತ್ತಿತ್ತು. ನಮ್ಮ ಮೈಯೇ ಅಲೆಯನ್ನು ತಡೆಯುತ್ತದೆ. ಮನೆಯಲ್ಲಾದರೆ ಗೋಡೆಗೆ ಬಡಿದು ಸುತ್ತಿ ಬರುತ್ತದೆ. ಬಯಲಿನಲ್ಲಿ ಗೋಡೆ ಎಲ್ಲಿದೆ?

ಎರಡೂ ಇರುವ ಬೆಲ್ಟ್ ನನಗೆ ತುಂಬಾ ಹಿಡಿಸಿತು. ಆಂಟ್ ಪ್ಲಸ್ ಹಾರ್ಟ್ ರೇಟ್ ಬೆಲ್ಟ್‌ಗಳೆಲ್ಲ 2457 ಮೆಗಾಹರ್ಟ್ಜ್‌ನಲ್ಲೇ ಇರುತ್ತವೆ. ಆದರೂ ಗೊಂದಲ ಇಲ್ಲ. ಒಂದೊಂದು ಬೆಲ್ಟಿಗೂ ಅದರದ್ದೇ ನಂಬರ್ ಇದೆ. ಸೆಕೆಂಡಿಗೆ ಸುಮಾರು 4 ಸಲ, ತೀರಾ ಚಿಕ್ಕ ಸಂದೇಶ. ಉಳಿದ ಹೊತ್ತು ಸುಮ್ಮನಿರುತ್ತದೆ. ಒಂದು ತಪ್ಪಿದರೂ ಇನ್ನೊಂದು ಆಗಲೇ ಬಂದಿರುತ್ತದೆ. ಭಾವನ ಬೆಲ್ಟ್ ಈಗ ಆಂಟ್ ಪ್ಲಸ್‌ನಲ್ಲಿ ಅವರ ವಾಚಿಗೆ, ಬ್ಲೂಟೂತ್‌ನಲ್ಲಿ ನನ್ನ ಕೈಯಲ್ಲಿರುವ ಫೋನಿಗೆ ಬಡಿತ ಕಳಿಸುತ್ತದೆ. 115 ಆದರೆ ನಾನೇ "ನಿಧಾನ ಭಾವಾ" ಅನ್ನುತ್ತೇನೆ.

ಮೊದಲ ಸಲ ಜೋಡಿಸುವುದನ್ನು ಮಾತ್ರ ಮನೆಯಲ್ಲೇ ಮುಗಿಸಿ. ಗುಂಪಿನಲ್ಲಿ ಹುಡುಕಲು ಬಿಟ್ಟರೆ ವಾಚ್ ಪಕ್ಕದವರ ಬೆಲ್ಟನ್ನೇ ಹಿಡಿದುಕೊಳ್ಳಬಹುದು. ಬೇರೆ ಬೆಲ್ಟ್‌ಗಳಿಂದ 10 ಮೀಟರ್ ದೂರ ಇರಬೇಕು.

ಬೆಲ್ಟ್ ಇಲ್ಲದೆ ಮಣಿಕಟ್ಟಿನಲ್ಲೇ ಬಡಿತ ಅಳೆಯುವ ವಾಚಿನ ಹಸಿರು ಬೆಳಕಿಗೆ ಪಕ್ಕದವರ ಕಾಟ ಇಲ್ಲ, ಆದರೆ ನನ್ನ ಕೈಯಲ್ಲಿ ಅಂಕಿ ತಡವಾಗಿ ಏರುತ್ತದೆ.

ಬರೀ ಬ್ಲೂಟೂತ್‌ನದ್ದಕ್ಕಿಂತ ಎರಡೂ ಇರುವ ಬೆಲ್ಟಿಗೆ ಸುಮಾರು 1,000 ರೂಪಾಯಿ ಜಾಸ್ತಿ ಕೊಟ್ಟೆವು. ವಾರಕ್ಕೊಮ್ಮೆ ಒಬ್ಬರೇ ಓಡುವವರಿಗೆ ಅಷ್ಟು ಬೇಡ. ನಾವು ದಿನಾ ಜೊತೆಗೇ ಹೋಗುವವರು, ನಮಗೆ ಬೇಕು. ಕೊಳ್ಳುವ ಮೊದಲು ನಿಮ್ಮ ವಾಚಿನಲ್ಲಿ ಆಂಟ್ ಪ್ಲಸ್ ಇದೆಯಾ ಅಂತ ನೋಡಿಕೊಳ್ಳಿ, ಎಲ್ಲದರಲ್ಲೂ ಇರುವುದಿಲ್ಲ.