ಮಿನೆಸೋಟದ ಹಿತ್ತಲಿಗೆ ಎತ್ತರದ ಮಡಿಯೋ, ರಟ್ಟಿನ ಹಾಸೋ, ದಿಮ್ಮಿಯ ದಿಬ್ಬವೋ?

ಅಮೆರಿಕದ ಉತ್ತರದ ರಾಜ್ಯ ಮಿನೆಸೋಟದಲ್ಲಿ ಮೇ ಮಧ್ಯದವರೆಗೂ ರಾತ್ರಿ ಮಂಜುಗಟ್ಟುವ ಭಯ ಇರುತ್ತದೆ. ಹಾಗಾಗಿ ತರಕಾರಿ ಬೆಳೆಯಲು ಮಣ್ಣು ಎಷ್ಟು ಬೇಗ ಬೆಚ್ಚಗಾಗುತ್ತದೆ ಅನ್ನೋದೇ ಮುಖ್ಯ. ಇದರಲ್ಲಿ ಹಲಗೆ ಕಟ್ಟಿದ ಎತ್ತರದ ಮಡಿ ಮುಂದೆ. ಬೇಸಿಗೆಯಲ್ಲಿ ಬೇಗ ಒಣಗುವುದೂ ಅದೇ! ರಟ್ಟು, ಎಲೆ, ಗೊಬ್ಬರದ ಹಾಸಿನಡಿ ಮಣ್ಣು ತಣ್ಣಗೇ ಉಳಿಯುತ್ತದೆ. ಟೊಮೇಟೊ ನೆಡುವ ಮುಂಚೆ ಹಾಸನ್ನು ಬದಿಗೆ ಸರಿಸಬೇಕು.

ಖರ್ಚಿನ ಲೆಕ್ಕ ಉಲ್ಟಾ. ಹಲಗೆ, ಮಣ್ಣು ದುಬಾರಿ. ರಟ್ಟು, ಉದುರೆಲೆ ಪುಕ್ಕಟೆ. ಬಿದ್ದ ಮರ ಇದ್ದರೆ ದಿಮ್ಮಿ ಹೂತ ದಿಬ್ಬವೂ ಅಗ್ಗ, ನೀರನ್ನೂ ಹಿಡಿದಿಡುತ್ತದೆ. ಆದರೆ ಅಗೆತ ಜಾಸ್ತಿ, ವರ್ಷ ವರ್ಷ ಕುಸಿಯುತ್ತದೆ. ಕಪ್ಪು ವಾಲ್‌ನಟ್ (ಅಕ್ರೋಟ್ ಜಾತಿಯ ಮರ) ದಿಮ್ಮಿ ಬೇಡವೇ ಬೇಡ, ಟೊಮೇಟೊಗೆ ವಿಷ.

ಈ ವರ್ಷವೇ ಮೆಣಸಿನಕಾಯಿ ಬೇಕಾ? ಮಡಿ ಕಟ್ಟಿ. ಹುಲ್ಲುಹಾಸಿನ ಜಾಗದಲ್ಲಿ ರೂಬಾರ್ಬ್ (ಹುಳಿ ದಂಟಿನ ಗಿಡ), ಕರಂಟ್ (ಪುಟ್ಟ ಹಣ್ಣಿನ ಪೊದೆ) ಹಾಕುವುದಾದರೆ ಅಕ್ಟೋಬರ್‌ನಲ್ಲೇ ರಟ್ಟು ಹಾಸಿ. ದಿಬ್ಬ ಸ್ವಂತ ಮನೆಯವರಿಗೆ ಸರಿ. ಬಾಡಿಗೆ ಮನೆಯಲ್ಲಿ ಸುಮ್ನೆ ಯಾಕೆ?