ಅಂಜುದೀವ ತೋರಿಸ್ತೀವಿ ಅಂದರು, ಬೆರಳು ತೋರಿಸಿದರು

ಮಲ್ಲೇಶ್ವರದ ಒಂದು ಟ್ರಾವೆಲ್ಸ್‌ನವರ ಕಾರವಾರ ಪ್ಯಾಕೇಜು. ತಲೆಗೆ 5,800 ರೂಪಾಯಿ. ಐದರಲ್ಲಿ ಮೂರು ಸ್ಟಾರ್ ಕೊಡುತ್ತೇನೆ, ಅದರಲ್ಲಿ ಎರಡು ಮೀನೂಟಕ್ಕೆ.

ಪಾಂಪ್ಲೆಟ್‌ನಲ್ಲಿ ‘ಅಂಜುದೀವ ದ್ವೀಪ ದರ್ಶನ’ ಅಂತ ದಪ್ಪಕ್ಷರದಲ್ಲಿ ಹಾಕಿದ್ದರು. ನಾನು ಮೈಸೂರು ಬ್ಯಾಂಕ್ ಸರ್ಕಲ್ ಹತ್ತಿರ ವಕೀಲರೊಬ್ಬರ ಆಫೀಸಿನಲ್ಲಿ 22 ವರ್ಷದಿಂದ ಟೈಪಿಸ್ಟು. ಅನುಮಾನ ಬಂದು ಕೇಳಿದೆ. “ಅದು ನೇವಿ ಜಾಗ ಅಲ್ವಾ, ಬಿಡ್ತಾರಾ?” “ಎಲ್ಲಾ ಪರ್ಮಿಷನ್ ಇದೆ ಮೇಡಂ,” ಅಂದರು.

ಬಸ್ಸು ಚೆನ್ನಾಗಿತ್ತು. ಬೆಳಿಗ್ಗೆ ಬೋಟಿನಲ್ಲಿ ಕೂರ್ಮಗಡಕ್ಕೆ ಕರೆದುಕೊಂಡು ಹೋದರು. ನರಸಿಂಹ ದೇವರ ಗುಡಿ, ಒಳ್ಳೆ ಗಾಳಿ, ತಕರಾರಿಲ್ಲ. ವಾಪಸ್ ಬರುವಾಗ ಗೈಡು ದಕ್ಷಿಣಕ್ಕೆ ಬೆರಳು ಮಾಡಿ, “ಅಗೋ ಅಂಜುದೀವ, ನೋಡಿಕೊಳ್ಳಿ,” ಅಂದ. ಮಸಿ ಗೀಟು ಎಳೆದ ಹಾಗೆ ಏನೋ ಕಾಣಿಸಿತು. ದರ್ಶನ ಮುಗಿಯಿತು! ನಮ್ಮ ಮನೆಯವರು ಮೊಬೈಲ್ ಎತ್ತಿದರು. ಗೈಡು ಓಡಿ ಬಂದು ಕ್ಯಾಮೆರಾಗೆ ಅಂಗೈ ಅಡ್ಡ ಹಿಡಿದ. “ಅಂಕಲ್, ಇಳಿಸಿ, ಜೈಲಿಗೆ ಹಾಕ್ತಾರೆ.” ಯಾವ ಕಾನೂನಪ್ಪಾ ಅಂದರೆ, “ರೂಲ್ಸು ಆಂಟಿ.”

ಆ ರೂಲ್ಸನ್ನು ನಾನು ಎಷ್ಟು ಸಲ ಟೈಪ್ ಮಾಡಿದ್ದೇನೋ. ಅಫಿಷಿಯಲ್ ಸೀಕ್ರೆಟ್ಸ್ ಆಕ್ಟ್, 1923. ಬ್ರಿಟಿಷರು ಮಾಡಿದ್ದು, ಇವತ್ತಿಗೂ ಇದೆ. ಸೇನೆಯ ನೆಲೆಗಳೆಲ್ಲ ಅದರಲ್ಲಿ ‘ನಿಷಿದ್ಧ ಸ್ಥಳ’. ದೇಶಕ್ಕೆ ಕೇಡಾಗುವ ಉದ್ದೇಶದಿಂದ ಒಳಗೆ ಹೋದರೆ ಮಾತ್ರ ಅಲ್ಲ, ಅದೇ ಉದ್ದೇಶದಿಂದ ಹತ್ತಿರ ಸುಳಿದರೂ ತಪ್ಪು. ಹತ್ತಿರ ಅಂದರೆ ಎಷ್ಟು ಮೀಟರ್? ಬರೆದಿಲ್ಲ. ರಕ್ಷಣೆಯ ವಿಷಯವಾದರೆ 14 ವರ್ಷದವರೆಗೆ ಶಿಕ್ಷೆ. ಉದ್ದೇಶ ಕೆಟ್ಟದ್ದು ಅಂತ ಸಂದರ್ಭ, ನಡವಳಿಕೆ ನೋಡಿಯೇ ತೀರ್ಮಾನಿಸಬಹುದು. ನಮ್ಮ ಮನೆಯವರ ಉದ್ದೇಶ ವಾಟ್ಸಾಪ್ ಸ್ಟೇಟಸ್, ಅಷ್ಟೇ. ಆದರೂ ಗೈಡು ಹೆದರಿದ್ದು ಸುಮ್ನೆ ಅಲ್ಲ.

ಒಂದು ತಮಾಷೆ ನೋಡಿ. 1923ರಲ್ಲಿ ಈ ದ್ವೀಪ ಬ್ರಿಟಿಷರದ್ದೇ ಅಲ್ಲ, ಪೋರ್ಚುಗೀಸರದ್ದು. 1961ರ ಡಿಸೆಂಬರ್‌ನಲ್ಲಿ ನಮ್ಮ ನೌಕಾಪಡೆ ಹೋರಾಡಿ ಗೆದ್ದಿತು, ಏಳು ನಾವಿಕರು ಪ್ರಾಣ ಕೊಟ್ಟರು. ಕಾರವಾರದ ಪಕ್ಕದಲ್ಲೇ ಇದ್ದರೂ ಲೆಕ್ಕಕ್ಕೆ ಗೋವಾದ್ದು. ಈಗ ಕದಂಬ ನೌಕಾನೆಲೆಯ ಭಾಗ. ಅಲ್ಲಿ ಹಳೆಯ ಚರ್ಚು ಇದೆ. ಫೆಬ್ರವರಿ 2ರ ಹಬ್ಬಕ್ಕೆ ಹಿಂದೆ ಗೋವಾದ ಭಕ್ತರು ದೋಣಿಯಲ್ಲಿ ಬರುತ್ತಿದ್ದರು. ಇದನ್ನು ಹೇಳಿದ್ದು ಗೈಡಲ್ಲ, ಬೋಟಿನವರು. “ಅಕ್ಕಾ, ನಮ್ಮ ಬೋಟೂ ಆ ಕಡೆ ತಿರುಗೋ ಹಾಗಿಲ್ಲ,” ಅಂದರು. ಬೋಟಿನವರಿಗೆ ಗೊತ್ತಿರುವುದು ಮಲ್ಲೇಶ್ವರದ ಆಫೀಸಿಗೆ ಗೊತ್ತಿಲ್ಲವಾ?

ನೇವಿ ಮೇಲೆ ನನಗೆ ಸಿಟ್ಟಿಲ್ಲ. ನೌಕಾನೆಲೆ ಅಂದಮೇಲೆ ಬಾಗಿಲು ಹಾಕಲೇಬೇಕು. ಬಾಗಿಲು ಹಾಕಿದ ಜಾಗಕ್ಕೆ ಟಿಕೆಟ್ ಮಾರಿದರಲ್ಲ, ಅದಕ್ಕೆ ಸಿಟ್ಟು.

ಊಟ ಮಾತ್ರ ಮರೆಯೋ ಹಾಗಿಲ್ಲ. ರವೆ ಹಚ್ಚಿ ಹುರಿದ ನೋಗ್ಲಿ ಮೀನು, ಅಂಚು ಕರುಮ್ ಅನ್ನುತ್ತಿತ್ತು. ಬಂಗಡೆ ಸಾರಿಗೆ ಕುಚ್ಚಲಕ್ಕಿ ಅನ್ನ. ಸೋಲ್ ಕಡಿ ಎರಡು ಲೋಟ ಕುಡಿದೆ.

ಬಂದಮೇಲೆ ದುಡ್ಡು ವಾಪಸ್ ಕೇಳಿದೆ. ಮುಂದಿನ ಟ್ರಿಪ್ಪಿಗೆ 300 ರೂಪಾಯಿ ಕಡಿಮೆ ಮಾಡ್ತೀವಿ ಅಂದರು. ಹೋದ ವಾರ ಆ ಕಡೆ ಹೋದಾಗ ಇಣುಕಿದೆ. ಕೌಂಟರ್ ಮೇಲೆ ಅದೇ ಪಾಂಪ್ಲೆಟ್ ಇತ್ತು. ‘ದರ್ಶನ’ದ ಪಕ್ಕ ಬಾಲ್‌ಪೆನ್ನಿನಲ್ಲಿ ಸಣ್ಣದಾಗಿ ‘ದೂರದಿಂದ’ ಅಂತ ಸೇರಿಸಿದ್ದಾರೆ.